ಆಫೀಸಿನ ರದ್ದಿ ಗುಜರಿಗೆ ಹೋಗುವ ಮುನ್ನ: ಗುಟ್ಟು ಹೊರಗೆ ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ?

ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ವರ್ಷಕ್ಕೆ ಎರಡು ಸಲ ದೊಡ್ಡ ಕ್ಲೀನಿಂಗ್ ನಡೆಯುತ್ತದೆ. ಒಂದು ಮಾರ್ಚ್ ಲೆಕ್ಕ ಮುಗಿದ ಮೇಲೆ, ಇನ್ನೊಂದು ಆಯುಧ ಪೂಜೆಗೆ ಮುಂಚೆ. ಬೀರುಗಳು ಖಾಲಿಯಾಗುತ್ತವೆ. ಮೂಲೆಯಲ್ಲಿ ಧೂಳು ಹಿಡಿದಿದ್ದ ಸಿಪಿಯು, ಪ್ರಿಂಟರ್, ಹಳೇ ಫೈಲಿನ ಕಟ್ಟುಗಳು ಕಾರಿಡಾರ್‌ಗೆ ಬರುತ್ತವೆ. ಗುಜರಿಯವರು ಬಂದು ತೂಕ ಹಾಕಿ, ಕಾಸು ಕೊಟ್ಟು, ಗೂಡ್ಸ್ ಆಟೋಗೆ ತುಂಬಿಕೊಂಡು ಹೋಗುತ್ತಾರೆ. ಆಮೇಲೆ ಮಷೀನುಗಳಿಗೆ ಕುಂಕುಮ, ಬಾಗಿಲಿಗೆ ಕುಂಬಳಕಾಯಿ, ಎಲ್ಲರಿಗೂ ಪುರಿ-ಸ್ವೀಟು.

ಆ ಆಟೋದಲ್ಲಿ ಏನೇನು ಹೋಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಬಿಟ್ಟು ಹೋದವರ ಆಧಾರ್ ಜೆರಾಕ್ಸ್, ಸಂಬಳದ ಚೀಟಿ, ಗ್ರಾಹಕರ ಬ್ಯಾಂಕ್ ಸ್ಟೇಟ್‌ಮೆಂಟ್, ಕ್ಲಿನಿಕ್ ಆದರೆ ರೋಗಿಗಳ ರಿಪೋರ್ಟ್. ಮರುಬಳಕೆಗೆ ಕೊಟ್ಟೆವು ಅನ್ನೋ ಸಮಾಧಾನ ನಮಗೆ. ಆದರೆ ಕೊಟ್ಟದ್ದು ಬರೀ ಕಾಗದ ಅಲ್ಲ, ಅದರ ಮೇಲೆ ಬರೆದಿದ್ದನ್ನೂ ಸೇರಿಸಿ ಕೊಟ್ಟಿದ್ದೇವೆ.

ದೊಡ್ಡ ಐಟಿ ಕಂಪನಿಗಳಲ್ಲಿ ಇದಕ್ಕೆಂದೇ ಜನ ಇರುತ್ತಾರೆ. ಈ ಲೇಖನ ಅವರಿಗಲ್ಲ. ಮಲ್ಲೇಶ್ವರದ ಆಡಿಟರ್ ಆಫೀಸು, ಜಯನಗರದ ಕ್ಲಿನಿಕ್, ಪೀಣ್ಯದ ಸಣ್ಣ ಕಾರ್ಖಾನೆ, ಎಚ್‌ಎಸ್‌ಆರ್ ಲೇಔಟಿನ ಹತ್ತು ಜನರ ಸ್ಟಾರ್ಟಪ್, ಬಿಟಿಎಂನ ಪಿಜಿ ನಡೆಸುವವರು: ಇಂಥ ಕಡೆ ಅಡ್ಮಿನ್ ಕೆಲಸ ಯಾರ ತಲೆಗೆ ಬಿದ್ದಿರುತ್ತದೋ ಅವರಿಗೆ.

ಹೊರಗೆ ಹೋದ ಪೇಪರ್ ಎಲ್ಲಿಗೆ ಹೋಗುತ್ತದೆ?

ರದ್ದಿ ಅಂಗಡಿಗೆ ಕೊಟ್ಟ ಪೇಪರ್ ನೇರವಾಗಿ ಪೇಪರ್ ಮಿಲ್‌ಗೆ ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಬೀದಿ ಬದಿಯ ಗುಜರಿ ಅಂಗಡಿಯಲ್ಲಿ ಒಮ್ಮೆ ಬೇರ್ಪಡಿಸುತ್ತಾರೆ. ಅಲ್ಲಿಂದ ಜಾಲಿ ಮೊಹಲ್ಲಾದಂಥ ಸಗಟು ಜಾಗಕ್ಕೆ ಹೋಗಿ ಇನ್ನೊಮ್ಮೆ ವಿಂಗಡಣೆ. ಬಿಳಿ ಪೇಪರ್ ಬೇರೆ, ರಟ್ಟು ಬೇರೆ, ನ್ಯೂಸ್ ಪೇಪರ್ ಬೇರೆ. ಆಮೇಲೆ ಮಿಲ್ಲು. ಮಧ್ಯೆ ಒಂದಷ್ಟು ಹಾಳೆ ಪೊಟ್ಟಣ ಕಟ್ಟುವವರ ಕೈ ಸೇರುತ್ತದೆ. ಕಡಲೆಕಾಯಿ ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ ಯಾರದೋ ಉತ್ತರ ಪತ್ರಿಕೆ, ಯಾರದೋ ಇನ್‌ವಾಯ್ಸ್ ಸಿಗುವುದು ಈ ಊರಲ್ಲಿ ಹೊಸದೇನಲ್ಲ, ಅಲ್ವಾ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗುಜರಿಯವರನ್ನೋ ಕಸ ಆಯುವವರನ್ನೋ ಅನುಮಾನದಿಂದ ನೋಡುವುದು ತಪ್ಪು. ಅವರಿಗೆ ಬೇಕಿರುವುದು ತೂಕ. ಓದುವ ಹಾಗಿರುವ ಹಾಳೆಯನ್ನು ಹೊರಗೆ ಬಿಟ್ಟವರು ನಾವು, ಜವಾಬ್ದಾರಿಯೂ ನಮ್ಮದೇ. ಹಾಗಾಗಿ ನಿಯಮ ಇಷ್ಟೇ: ಮಾಹಿತಿ ಆಫೀಸಿನ ಬಾಗಿಲೊಳಗೇ ಸಾಯಬೇಕು, ಬರೀ ವಸ್ತು ಹೊರಗೆ ಹೋಗಬೇಕು. ಕೆಳಗಿನ ಹೆಜ್ಜೆಗಳೆಲ್ಲ ಇದನ್ನು ಮಾಡುವ ದಾರಿಗಳು.

ಹೆಜ್ಜೆ 1: ಆಫೀಸಿನಲ್ಲಿ ಒಂದು ಸುತ್ತು ಹಾಕಿ

ಪೆನ್ನು, ಪೇಪರ್ ಹಿಡಿದು ಎಲ್ಲ ಕಸದ ಬುಟ್ಟಿಗಳನ್ನೂ, ಪ್ರಿಂಟರ್ ಪಕ್ಕವನ್ನೂ, ಸ್ಟೋರ್ ರೂಮನ್ನೂ ನೋಡಿ ಬನ್ನಿ. ಗುಟ್ಟಿನ ಕಾಗದ ಅಂದರೆ ಎಲ್ಲರಿಗೂ ಒಪ್ಪಂದ ಪತ್ರ, ಬ್ಯಾಂಕ್ ಪತ್ರ ನೆನಪಾಗುತ್ತದೆ. ಅವನ್ನು ಹೇಗೂ ಜೋಪಾನ ಮಾಡುತ್ತೀರಿ. ಕಣ್ಣಿಗೆ ಬೀಳದೆ ಹೋಗುವುದು ಬೇರೆಯೇ ಇವೆ.

ಪ್ರಿಂಟರ್ ಪಕ್ಕ ಬಿದ್ದಿರುವ ತಪ್ಪು ಪ್ರಿಂಟುಗಳು. ಗೇಟಿನಲ್ಲಿ ಬಂದವರ ಹೆಸರು, ಫೋನ್ ನಂಬರ್ ಬರೆಸುವ ವಿಸಿಟರ್ ಪುಸ್ತಕ. ಇಂಟರ್‌ವ್ಯೂಗೆ ಬಂದವರ ಬಯೋಡೇಟಾ. ಕೊರಿಯರ್ ಡಬ್ಬದ ಮೇಲಿನ ಲೇಬಲ್. ಹಳೇ ವಿಳಾಸದ ಲೆಟರ್‌ಹೆಡ್, ಹಳೇ ರಬ್ಬರ್ ಸೀಲು. ಕೊನೆಯ ಎರಡನ್ನು ಸುಮ್ನೆ ಬಿಸಾಡಬೇಡಿ. ಸುಳ್ಳು ಅನುಭವ ಪತ್ರ ಮಾಡಿಕೊಡುವವರಿಗೆ ಖಾಲಿ ಲೆಟರ್‌ಹೆಡ್ ಮತ್ತು ಸೀಲು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆಯೇ. ಸೀಲಿನ ರಬ್ಬರ್ ಕಿತ್ತು ಚೂರು ಮಾಡಿ, ಲೆಟರ್‌ಹೆಡ್ಡನ್ನು ಶ್ರೆಡ್ ಮಾಡಿ.

ಇನ್ನೊಂದು ಒಳ್ಳೆಯ ಅಭ್ಯಾಸದ ಕೆಟ್ಟ ಮುಖ ಇದೆ. ಒಂದು ಬದಿ ಖಾಲಿ ಇರುವ ಹಾಳೆಗಳನ್ನು ಕಟ್ಟಿ ರಫ್ ಪ್ಯಾಡ್ ಮಾಡುತ್ತೇವೆ. ಮಕ್ಕಳು ಚಿತ್ರ ಬಿಡಿಸಲಿ ಅಂತ ಶಾಲೆಗೂ ಕೊಡುತ್ತೇವೆ. ಕಾಗದ ಉಳಿಸುವುದು ಸರಿ. ಹಾಳೆ ತಿರುಗಿಸಿದರೆ ಯಾರದೋ ಸಂಬಳದ ವಿವರ ಕಂಡರೆ? ಹಿಂಬದಿ ಓದದೆ ಒಂದು ಹಾಳೆಯನ್ನೂ ರಫ್ ಪ್ಯಾಡಿಗೆ ಸೇರಿಸಬೇಡಿ. ಎಚ್‌ಆರ್ ಮತ್ತು ಅಕೌಂಟ್ಸ್ ವಿಭಾಗದ ಪೇಪರನ್ನಂತೂ ಇದಕ್ಕೆ ಬಳಸುವುದೇ ಬೇಡ.

ಹೆಜ್ಜೆ 2: ಇಡಲೇಬೇಕಾದ್ದನ್ನು ಬದಿಗಿಡಿ

ಉತ್ಸಾಹದಲ್ಲಿ ಎಲ್ಲವನ್ನೂ ಚೂರು ಮಾಡಿದರೆ ಇನ್ನೊಂದು ತಲೆನೋವು. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಕನಿಷ್ಠ 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕಡೇ ದಿನದಿಂದ 72 ತಿಂಗಳು. ಕೋರ್ಟಿನಲ್ಲಿ ವ್ಯಾಜ್ಯ ಇದ್ದರೆ ಅದಕ್ಕೆ ಸೇರಿದ್ದನ್ನು ಮುಟ್ಟಲೇಬಾರದು. ಪಟ್ಟಿ ಮಾಡಿ, ನಿಮ್ಮ ಆಡಿಟರ್ ಹತ್ತಿರ ಒಮ್ಮೆ ತೋರಿಸಿ, ಪ್ರತಿ ಪೆಟ್ಟಿಗೆಯ ಮೇಲೆ "ಇಂಥ ತಿಂಗಳ ತನಕ ಇಡಿ" ಅಂತ ದಪ್ಪ ಮಾರ್ಕರ್‌ನಲ್ಲಿ ಬರೆಯಿರಿ.

ಗಡುವು ಮುಗಿದದ್ದನ್ನು "ಇರಲಿ ಬಿಡಿ, ಯಾವತ್ತಾದರೂ ಬೇಕಾಗಬಹುದು" ಅಂತ ಇಟ್ಟುಕೊಳ್ಳುವುದೂ ಅಪಾಯವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ: ಯಾವ ಕೆಲಸಕ್ಕೆ ಮಾಹಿತಿ ತೆಗೆದುಕೊಂಡಿರೋ ಆ ಕೆಲಸ ಮುಗಿದ ಮೇಲೆ, ಬೇರೆ ಕಾನೂನು ಇಡಿ ಅನ್ನದಿದ್ದರೆ, ಅಳಿಸಿಬಿಡಿ. ಕಾಗದದಲ್ಲಿ ಪಡೆದು ಆಮೇಲೆ ಸ್ಕ್ಯಾನ್ ಮಾಡಿಟ್ಟುಕೊಂಡ ಮಾಹಿತಿಗೂ ಈ ಕಾಯ್ದೆ ಅನ್ವಯಿಸುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳು ಹಂತ ಹಂತವಾಗಿ ಜಾರಿಗೆ ಬರುತ್ತವೆ. ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸಣ್ಣ ಆಫೀಸಿಗೆ ಅಷ್ಟು ಬೀಳುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ "ಗುಜರಿಗೆ ಕೊಟ್ಟೆವು, ನಮಗೆ ಗೊತ್ತಿಲ್ಲ" ಅನ್ನುವ ಉತ್ತರ ಇನ್ನು ಮೇಲೆ ನಡೆಯುವುದಿಲ್ಲ.

ಮುಂದಕ್ಕೆ ಕಡಿಮೆ ಕಸ ಆಗಬೇಕಾದರೆ ಕಡಿಮೆ ತೆಗೆದುಕೊಳ್ಳಿ. ಪೂರ್ತಿ ಆಧಾರ್ ಸಂಖ್ಯೆ ಬೇಕಿಲ್ಲದ ಕಡೆ ಮಾಸ್ಕ್ಡ್ ಆಧಾರ್ ಸಾಕು. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

ಹೆಜ್ಜೆ 3: ಬೀಗ ಇರುವ ಒಂದು ಪೆಟ್ಟಿಗೆ

ಎರಡು ಡಬ್ಬಿ, ಒಂದು ಚೀಲದ ಪಾಠ ಬೆಂಗಳೂರಿಗೆ ಹೊಸದಲ್ಲ. 2015ರಲ್ಲಿ ಹೈಕೋರ್ಟ್ ಆದೇಶ ಬಂದಾಗಿನಿಂದ ಹಸಿ ಕಸಕ್ಕೆ ಹಸಿರು, ತಿರಸ್ಕೃತ ಕಸಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿದ್ದರೂ ಒಣ ಕಸ ಬೇರೆ ಕೊಡುವುದು ಬದಲಾಗಿಲ್ಲ. ಆಫೀಸಿನಲ್ಲಿ ಇದರ ಜೊತೆ ಇನ್ನೊಂದು ಸೇರಿಸಿ: ಬೀಗ ಹಾಕಿದ, ಒಳಗಿನದ್ದು ಕಾಣದ ಪೆಟ್ಟಿಗೆ. ಮೇಲೆ ಕೈ ಹೋಗದಷ್ಟು ಸಣ್ಣ ಸೀಳು ಸಾಕು. ಬಡಗಿಯ ಹತ್ತಿರ ಮಾಡಿಸಿದರೂ ಆದೀತು. ಕೀಲಿ ಇಬ್ಬರ ಹತ್ತಿರ ಇರಲಿ.

ಪೆಟ್ಟಿಗೆ ಪ್ರಿಂಟರ್ ಪಕ್ಕದಲ್ಲೇ ಇರಬೇಕು. ದೂರ ಇಟ್ಟರೆ ಯಾರೂ ಎದ್ದು ಹೋಗಿ ಹಾಕುವುದಿಲ್ಲ. ಪ್ಯಾಂಟ್ರಿ ಹತ್ತಿರವಂತೂ ಬೇಡ, ಕಾಫಿ ಕಪ್ಪು ಒಳಗೆ ಸೇರುತ್ತದೆ. ಯಾವುದು ಹಾಕಬೇಕು ಅನ್ನೋ ಗೊಂದಲಕ್ಕೆ ಸುಲಭದ ಉತ್ತರ: ವ್ಯಕ್ತಿಯ ಹೆಸರು, ನಂಬರ್, ಸಹಿ, ಮೊತ್ತ ಇವುಗಳಲ್ಲಿ ಒಂದಿದ್ದರೂ ಪೆಟ್ಟಿಗೆಗೆ. ಅನುಮಾನ ಇದ್ದರೂ ಪೆಟ್ಟಿಗೆಗೆ.

ಹೌಸ್‌ಕೀಪಿಂಗ್‌ನವರ ಜೊತೆ ಕೂತು ಮಾತಾಡಿ. ಬರೀ ನೋಟಿಸ್ ಅಂಟಿಸಿದರೆ ಸಾಲದು. ಇಂಗ್ಲಿಷ್ ನೋಟಿಸ್ ಆದರೆ ಇನ್ನೂ ವ್ಯರ್ಥ. ಮತ್ತೆ, ಬಹಳಷ್ಟು ಆಫೀಸುಗಳಲ್ಲಿ ರದ್ದಿ ಮಾರಿದ ದುಡ್ಡು ಅವರ ಕೈಖರ್ಚಿಗೆ ಆಗುತ್ತದೆ. ನೀವು ಏಕಾಏಕಿ ಪೇಪರ್‌ಗೆ ಬೀಗ ಹಾಕಿದರೆ ಅವರ ಆ ಕಾಸು ನಿಲ್ಲುತ್ತದೆ. ಆಗ ಹೊಸ ವ್ಯವಸ್ಥೆಗೆ ಅವರಿಂದ ಸಹಕಾರ ಹೇಗೆ ಸಿಗುತ್ತದೆ? ರಟ್ಟು, ನ್ಯೂಸ್ ಪೇಪರ್, ಶ್ರೆಡ್ ಆದ ಚೂರು ಮಾರಿ ಬಂದದ್ದು ಅವರಿಗೇ ಅಂತ ಮೊದಲೇ ಹೇಳಿಬಿಡಿ. ಇಡೀ ವ್ಯವಸ್ಥೆ ನಿಂತಿರುವುದು ಅವರ ಕೈಯಲ್ಲಿ.

ಹೆಜ್ಜೆ 4: ಕಾಗದವನ್ನು ಚೂರು ಮಾಡಿ

ಶ್ರೆಡ್ಡರ್‌ಗಳಲ್ಲಿ ಎರಡು ಜಾತಿ. ಒಂದು ಉದ್ದುದ್ದ ಪಟ್ಟಿ ಮಾಡುವುದು, ಇನ್ನೊಂದು ಅಡ್ಡಡ್ಡವೂ ಕತ್ತರಿಸಿ ಸಣ್ಣ ಚೂರು ಮಾಡುವುದು. ಪಟ್ಟಿ ಮಾಡುವುದು ಅಗ್ಗ, ಅದಕ್ಕೇ ಜಾಸ್ತಿ ಮಾರಾಟ. ಅದನ್ನು ಕೊಳ್ಳಬೇಡಿ. 2012ರಲ್ಲಿ ನ್ಯೂಯಾರ್ಕಿನ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಯಲ್ಲಿ ಜನರ ಮೇಲೆ ಉದುರಿದ ಬಣ್ಣದ ಕಾಗದದ ಮಧ್ಯೆ ನ್ಯಾಸೋ ಕೌಂಟಿ ಪೊಲೀಸರ ದಾಖಲೆಗಳ ಪಟ್ಟಿಗಳೂ ಇದ್ದವು. ಅವುಗಳಲ್ಲಿ ಹೆಸರು, ಗುರುತಿನ ಸಂಖ್ಯೆಗಳನ್ನು ಓದಬಹುದಿತ್ತು. ಬರಹದ ಸಾಲು ಮತ್ತು ಬ್ಲೇಡು ಒಂದೇ ದಿಕ್ಕಿನಲ್ಲಿದ್ದರೆ ಒಂದು ಪಟ್ಟಿಯಲ್ಲಿ ಒಂದು ಸಾಲು ಇಡಿಯಾಗಿ ಉಳಿಯುತ್ತದೆ. ಈಗಾಗಲೇ ಪಟ್ಟಿ ಮಾಡುವ ಮಷೀನೇ ಇದ್ದರೆ, ಬ್ಲೇಡು ಸಾಲುಗಳನ್ನು ಅಡ್ಡಲಾಗಿ ಕತ್ತರಿಸುವಂತೆ ಹಾಳೆಯನ್ನು ಹಾಕಿ.

ಕೊಳ್ಳುವಾಗ ಡಬ್ಬದ ಮೇಲೆ ಪಿ-4 ಅಂತ ಇದೆಯಾ ನೋಡಿ. ಡಿಐಎನ್ 66399 ಅನ್ನುವ ಜರ್ಮನ್ ಮಾನದಂಡದಲ್ಲಿ ಪಿ-1ರಿಂದ ಪಿ-7ರವರೆಗೆ ಮಟ್ಟಗಳಿವೆ. ಪಿ-4ರಲ್ಲಿ ಒಂದು ಚೂರು 160 ಚದರ ಮಿಲಿಮೀಟರ್ ಮೀರುವಂತಿಲ್ಲ. ಪಿ-5ರಲ್ಲಿ 30. ಸಾಮಾನ್ಯ ಆಫೀಸಿಗೆ ಪಿ-4 ಸಾಕು, ವೈದ್ಯಕೀಯ ದಾಖಲೆ ಇರುವವರು ಪಿ-5 ನೋಡಬಹುದು. ಅದಕ್ಕಿಂತ ಮೇಲಿನದ್ದು ನಮಗೆ ಬೇಡ. ಸಣ್ಣ ಮಷೀನು ಕೆಲವು ನಿಮಿಷ ಓಡಿದರೆ ಬಿಸಿಯಾಗಿ ನಿಂತುಬಿಡುತ್ತದೆ. ಹಾಗಾಗಿ ಆಯುಧ ಪೂಜೆಯ ಹಿಂದಿನ ದಿನ ಮೂಟೆಗಟ್ಟಲೆ ತಂದು ಸುರಿಯುವ ಬದಲು ವಾರಕ್ಕೊಮ್ಮೆ ಪೆಟ್ಟಿಗೆ ಖಾಲಿ ಮಾಡಿ.

ಮಷೀನು ಇಲ್ಲವೇ? ಸ್ವಲ್ಪವೇ ಪೇಪರ್ ಇದ್ದರೆ ಕೈಯಲ್ಲೇ ಹರಿದು, ಬಕೆಟ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಲಸಿ ಮುದ್ದೆ ಮಾಡಿ. ಲೇಸರ್ ಪ್ರಿಂಟಿನ ಅಕ್ಷರ ಬರೀ ನೆನೆಸಿದರೆ ಹೋಗುವುದಿಲ್ಲ, ಕಲಸಲೇಬೇಕು. ಸುಡುವುದು ಮಾತ್ರ ಬೇಡ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಚೂರನ್ನು ಏನು ಮಾಡುವುದು? ಬಿಡಿಯಾಗಿ ಕೊಟ್ಟರೆ ದಾರಿಯುದ್ದಕ್ಕೂ ಹಾರುತ್ತದೆ, ಚೀಲದಲ್ಲಿ ಕಟ್ಟಿ ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರಕ್ಕೋ ನಿಮ್ಮ ಕಸದ ಏಜೆನ್ಸಿಗೋ ಕೊಡಿ. ಚೂರು ಮಾಡಿದಾಗ ಕಾಗದದ ನಾರು ಗಿಡ್ಡವಾಗುತ್ತದೆ, ಹಾಗಾಗಿ ರೇಟು ಕಡಿಮೆ. ಅದನ್ನು ಒಪ್ಪಿಕೊಳ್ಳಿ. ತಾರಸಿಯಲ್ಲಿ ಕಾಂಪೋಸ್ಟ್ ಮಾಡುವವರು ಸಹೋದ್ಯೋಗಿಗಳಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಹೊಳಪಿಲ್ಲದ ಪೇಪರ್ ಚೂರು ಒಣ ಎಲೆಯ ಬದಲಿಗೆ ಚೆನ್ನಾಗಿ ಆಗುತ್ತದೆ. ಅಂಗಡಿ ಬಿಲ್ಲಿನ ನುಣುಪು ಥರ್ಮಲ್ ಪೇಪರನ್ನು ಮಾತ್ರ ಎರಡಕ್ಕೂ ಸೇರಿಸಬೇಡಿ, ಅದರ ಲೇಪನದಲ್ಲಿ ರಾಸಾಯನಿಕ ಇರುತ್ತದೆ. ಅದನ್ನು ಹರಿದು ತಿರಸ್ಕೃತ ಕಸಕ್ಕೆ ಹಾಕಿ.

ಕೊರಿಯರ್ ಲೇಬಲ್ ಮೇಲೆ ಮಾರ್ಕರ್ ಎಳೆದರೆ ಸಾಲದು. ಬೆಳಕಿಗೆ ಓರೆಯಾಗಿ ಹಿಡಿದರೆ ಕೆಳಗಿನ ಅಕ್ಷರ ಕಾಣುತ್ತದೆ. ಕಿತ್ತು ತೆಗೆಯಿರಿ.

ಹೆಜ್ಜೆ 5: ಕಂಪ್ಯೂಟರ್ ಮತ್ತು ಫೋನು

ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಜಾಸ್ತಿ ಅನಾಹುತ ಆಗುವುದು ಇಲ್ಲೇ. ಒಂದು ಮೂಟೆ ಪೇಪರ್‌ನಲ್ಲಿ ಕೆಲವು ಸಾವಿರ ಹಾಳೆ ಇರಬಹುದು. ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇಡೀ ಆಫೀಸೇ ಇರುತ್ತದೆ.

ಫೈಲ್ ಡಿಲೀಟ್ ಮಾಡುವುದು ಮನೆ ಮುಂದಿನ ನೇಮ್ ಬೋರ್ಡ್ ತೆಗೆದ ಹಾಗೆ, ಒಳಗಿನ ಸಾಮಾನು ಇದ್ದಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅಷ್ಟೇ. ಮಾಮೂಲಿ ರಿಕವರಿ ಸಾಫ್ಟ್‌ವೇರ್ ಹಾಕಿದರೆ ಬಹಳಷ್ಟು ವಾಪಸ್ ಬರುತ್ತದೆ. ಎಸ್.ಪಿ. ರೋಡಿನಲ್ಲಿ ಹಳೇ ಹಾರ್ಡ್ ಡಿಸ್ಕ್‌ಗಳು ಸಲೀಸಾಗಿ ಕೈ ಬದಲಾಯಿಸುತ್ತವೆ ಅನ್ನುವುದನ್ನು ನೆನಪಿಡಿ.

ತಿರುಗುವ ತಟ್ಟೆಯ ಹಳೇ ಹಾರ್ಡ್ ಡಿಸ್ಕ್ ಆದರೆ ಇಡೀ ಡಿಸ್ಕಿನ ಮೇಲೆ ಹೊಸ ಮಾಹಿತಿ ಬರೆಯುವ ಪೂರ್ತಿ ವೈಪ್ ಒಮ್ಮೆ ಮಾಡಿದರೆ ಸಾಕು. ವಿಂಡೋಸ್‌ನಲ್ಲಿ ರೀಸೆಟ್ ಮಾಡುವಾಗ "ಎಲ್ಲ ತೆಗೆದುಹಾಕು" ಆರಿಸಿ, ಸೆಟ್ಟಿಂಗ್ಸ್‌ಗೆ ಹೋಗಿ "ಕ್ಲೀನ್ ಡೇಟಾ" ಆನ್ ಮಾಡಿ. ತಟ್ಟೆ ಇಲ್ಲದ, ಮೆಮೊರಿ ಚಿಪ್ಪಿನ ಎಸ್‌ಎಸ್‌ಡಿ ಕಥೆ ಬೇರೆ. ಅದು ಸವೆತ ಹಂಚಲು ಮಾಹಿತಿಯನ್ನು ತನ್ನಿಷ್ಟದ ಜಾಗದಲ್ಲಿ ಬರೆಯುತ್ತದೆ, ಮೇಲಿಂದ ಬರೆದರೂ ಹಳೆಯದು ಎಲ್ಲೋ ಉಳಿದಿರಬಹುದು. ಅದಕ್ಕೆ ತಯಾರಕರೇ ಕೊಡುವ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಆಜ್ಞೆ ಬಳಸಬೇಕು. ಅಯಸ್ಕಾಂತದಿಂದ ಡಿಸ್ಕ್ ಅಳಿಸುವ ಡಿಗಾಸರ್ ಯಂತ್ರ ಎಸ್‌ಎಸ್‌ಡಿಗೆ ಏನೂ ಮಾಡುವುದಿಲ್ಲ, ಪೆನ್ ಡ್ರೈವ್‌ಗೂ ಅಷ್ಟೇ. "ಡಿಗಾಸ್ ಮಾಡಿಕೊಡುತ್ತೇವೆ" ಅಂತ ಬರುವವರನ್ನು ಎಸ್‌ಎಸ್‌ಡಿಗೆ ಏನು ಮಾಡುತ್ತೀರಿ ಅಂತ ಕೇಳಿ ನೋಡಿ.

ಎಲ್ಲಕ್ಕಿಂತ ಸುಲಭದ ದಾರಿ ಲ್ಯಾಪ್‌ಟಾಪ್ ಕೊಂಡ ದಿನವೇ ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಮ್ಯಾಕ್‌ನ ಫೈಲ್‌ವಾಲ್ಟ್ ಆನ್ ಮಾಡುವುದು. ಡಿಸ್ಕ್ ಪೂರ್ತಿ ಬೀಗ ಹಾಕಿದ ಸ್ಥಿತಿಯಲ್ಲೇ ಇರುತ್ತದೆ. ಕೊನೆಗೆ ಕೀಲಿ ಅಳಿಸಿಹಾಕಿದರೆ ಉಳಿದದ್ದು ಯಾರಿಗೂ ಅರ್ಥವಾಗದ ಅಂಕಿಗಳು.

ಕೆಟ್ಟುಹೋಗಿ ಆನ್ ಆಗದ ಡಿಸ್ಕ್ ಇದ್ದರೆ ಒಡೆಯುವುದೇ ದಾರಿ. ಲ್ಯಾಪ್‌ಟಾಪಿನ ಡಿಸ್ಕ್ ತಟ್ಟೆಗಳು ಹೆಚ್ಚಾಗಿ ಗಾಜಿನವು, ಡ್ರಿಲ್ ಮಾಡುವಾಗ ಕನ್ನಡಕ ಹಾಕಿಕೊಳ್ಳಿ. ಎಸ್‌ಎಸ್‌ಡಿ ಆದರೆ ಒಳಗಿನ ಪ್ರತಿ ಮೆಮೊರಿ ಚಿಪ್ಪಿಗೂ ತೂತು ಬೀಳಬೇಕು, ಬೋರ್ಡಿನ ಮಧ್ಯೆ ಒಂದು ತೂತು ಹೊಡೆದರೆ ಪ್ರಯೋಜನವಿಲ್ಲ. ಫೋನಿಗೆ ಸುತ್ತಿಗೆ ಹಾಕಬೇಡಿ. ಬ್ಯಾಟರಿ ಹೊತ್ತಿಕೊಳ್ಳುತ್ತದೆ. ಫೋನಿನಲ್ಲಿ ಮೊದಲು ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬನ್ನಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನ್ ಲಾಕ್ ಆಗಿಯೇ ಇರುತ್ತದೆ, ರಿಪೇರಿ ಮಾಡಿ ಮತ್ತೆ ಬಳಸಲು ಯಾರಿಂದಲೂ ಆಗುವುದಿಲ್ಲ.

ಹೆಜ್ಜೆ 6: ಜೆರಾಕ್ಸ್ ಮಷೀನು ಮತ್ತು ಅದರ ಬಳಗ

ದೊಡ್ಡ ಜೆರಾಕ್ಸ್ ಮಷೀನುಗಳ ಒಳಗೆ ಹಾರ್ಡ್ ಡಿಸ್ಕ್ ಇರಬಹುದು. ನೀವು ತೆಗೆದ ಕಾಪಿಗಳ ಚಿತ್ರ ಅದರಲ್ಲಿ ಉಳಿದಿರುತ್ತದೆ. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ ಅನ್ನೋ ವಿಮಾ ಸಂಸ್ಥೆ ಬಾಡಿಗೆ ಮಷೀನುಗಳನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟಿತ್ತು. ಅದರಲ್ಲೊಂದನ್ನು ಟಿವಿ ಸುದ್ದಿಯವರು ಕೊಂಡು ತೆರೆದು ನೋಡಿದರು. 3.4 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಹೊರಹೋಗಿರಬಹುದು ಅಂತಾಯಿತು. 2013ರಲ್ಲಿ ಸಂಸ್ಥೆ 12 ಲಕ್ಷ ಡಾಲರ್ ಕಟ್ಟಿತು. ನಮ್ಮಲ್ಲೂ ಬಾಡಿಗೆ ಮಷೀನೇ ಜಾಸ್ತಿ. ಡಿಸ್ಕ್ ಇದೆಯಾ, ವಾಪಸ್ ಕೊಡುವಾಗ ಅಳಿಸುವವರು ಯಾರು ಅಂತ ಬಾಡಿಗೆ ಕರಾರಿನಲ್ಲೇ ಬರೆಸಿ.

ಇದೇ ಗುಂಪಿಗೆ ಸೇರುವವು: ಸಿಸಿಟಿವಿ ರೆಕಾರ್ಡರ್, ಬೆರಳಚ್ಚು ಹಾಜರಾತಿ ಮಷೀನು, ವೈಫೈ ರೂಟರ್. ಐಡಿ ಕಾರ್ಡ್ ಪ್ರಿಂಟರ್ ಇಟ್ಟುಕೊಂಡವರು ಅದರ ಬಳಸಿದ ರಿಬ್ಬನ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಪ್ರತಿಯೊಬ್ಬರ ಫೋಟೋ, ಹೆಸರು ಸಾಲಾಗಿ ಕಾಣುತ್ತವೆ. ಕತ್ತರಿಸದೆ ಬಿಸಾಡಬೇಡಿ.

ಹೆಜ್ಜೆ 7: ಯಾರಿಗೆ ಕೊಡುವುದು, ಏನು ಬರೆಸಿಕೊಳ್ಳುವುದು

2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಒಂದು ವರ್ಷದಲ್ಲಿ 1,000 ಅಥವಾ ಹೆಚ್ಚು ಉಪಕರಣ ಬಳಸಿದ ಸಂಸ್ಥೆ ನೋಂದಾಯಿತ ಉತ್ಪಾದಕರಿಗೋ ಹಳೆಯದನ್ನು ಸರಿಮಾಡುವ ರಿಫರ್ಬಿಷರ್‌ಗೋ ರೀಸೈಕಲ್ ಮಾಡುವವರಿಗೋ ಮಾತ್ರ ಕೊಡಬೇಕು. ನಿಮ್ಮಲ್ಲಿ ಅಷ್ಟು ಇರಲಿಕ್ಕಿಲ್ಲ. ಆದರೂ ಅವರಿಗೇ ಕೊಡಿ. ನಮ್ಮ ಪಕ್ಕದ ದಾಬಸ್‌ಪೇಟೆಯಲ್ಲೇ ಇ-ಪರಿಸರ ಅನ್ನುವ, ದೇಶದ ಹಳೆಯ ಅಧಿಕೃತ ಘಟಕಗಳಲ್ಲಿ ಒಂದಿದೆ. ಬೇರೆ ಯಾರೇ ಬಂದರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಅವರ ಹೆಸರಿದೆಯಾ ನೋಡಿ.

ಅಗ್ಗ ಅಂತ ಸಾಗಣೆಯವರ ಕೈಗೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಹಣಕಾಸು ಸಂಸ್ಥೆ ಮಾರ್ಗನ್ ಸ್ಟ್ಯಾನ್ಲಿಯ ಉದಾಹರಣೆ ಇದೆ. ಡೇಟಾ ಅಳಿಸಿದ ಅನುಭವವೇ ಇಲ್ಲದ ಸಾಗಣೆ ಕಂಪನಿಗೆ ಅದು ಹಳೇ ಡಿಸ್ಕ್, ಸರ್ವರ್‌ಗಳ ಕೆಲಸ ಒಪ್ಪಿಸಿತ್ತು. ಅವುಗಳಲ್ಲಿ ಕೆಲವು, ಗ್ರಾಹಕರ ಮಾಹಿತಿ ಸಮೇತ, ಇಂಟರ್‌ನೆಟ್ ಹರಾಜಿಗೆ ಬಂದವು. 2022ರಲ್ಲಿ ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿಗೆ 3.5 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು.

ಹಾಗಾಗಿ ಆಫೀಸಿನಿಂದ ಹೊರಡುವ ಮುನ್ನ ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ಗೇಟ್ ಪಾಸ್ ಮಾಡಿ. ನಾಶದ ಸರ್ಟಿಫಿಕೇಟ್‌ನಲ್ಲಿ ಅವೇ ನಂಬರ್‌ಗಳು, ದಿನಾಂಕ, ಯಾವ ವಿಧಾನ, ಯಾರ ಸಹಿ ಇರಬೇಕು. "ಒಟ್ಟು ಇಷ್ಟು ಕಿಲೋ ಇ-ತ್ಯಾಜ್ಯ" ಅಂತ ಒಂದೇ ಸಾಲು ಬರೆದುಕೊಟ್ಟರೆ ಅದು ತೂಕದ ಚೀಟಿ ಅಷ್ಟೇ, ಒಪ್ಪಬೇಡಿ. ಮೂಟೆಗಟ್ಟಲೆ ಪೇಪರ್ ಇದ್ದರೆ ನಿಮ್ಮ ಬಾಗಿಲಿಗೇ ಗಾಡಿ ತಂದು ಶ್ರೆಡ್ ಮಾಡಿಕೊಡುವ ಏಜೆನ್ಸಿಗಳಿವೆ. ಒಬ್ಬರು ಎದುರಿಗೆ ನಿಂತು ನೋಡಲಿ, ಮುಗಿಯುವ ತನಕ.

ಆದರೂ ಏನೋ ಹೊರಗೆ ಹೋಯಿತು ಅಂತ ಗೊತ್ತಾದರೆ

ಗುಜರಿ ಅಂಗಡಿಗೆ ಮೊದಲು ಓಡಿ. ಮೊದಲ ಒಂದೆರಡು ದಿನ ಮೂಟೆ ಇನ್ನೂ ಅಲ್ಲೇ ಇರುವ ಸಾಧ್ಯತೆ ಇದೆ. ಜಗಳ ಬೇಡ, ಅವರು ಕೊಟ್ಟಿದ್ದಕ್ಕಿಂತ ನಾಲ್ಕು ಕಾಸು ಜಾಸ್ತಿ ಕೊಟ್ಟು ವಾಪಸ್ ತನ್ನಿ. ಡಿಸ್ಕ್ ಅಥವಾ ಲ್ಯಾಪ್‌ಟಾಪ್ ಆಗಿದ್ದರೆ ಅದರಲ್ಲಿದ್ದ ಎಲ್ಲ ಖಾತೆಗಳ ಪಾಸ್‌ವರ್ಡ್ ಆ ಕ್ಷಣವೇ ಬದಲಾಯಿಸಿ. ಮಾಹಿತಿ ಸೋರಿಕೆಯಂಥ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ. ಯಾರ ಮಾಹಿತಿ ಹೋಯಿತೋ ಅವರಿಗೂ ಮುಚ್ಚುಮರೆ ಇಲ್ಲದೆ ಹೇಳಿ. ಅವರ ಖಾತೆಯಿಂದ ದುಡ್ಡು ಹೋದ ಸುಳಿವು ಸಿಕ್ಕರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ತಿಳಿಸಿ.